ಬೀಡಿ ಮುಟ್ಟದವರ ಶ್ವಾಸಕೋಶದ ಕ್ಯಾನ್ಸರ್: ಕೇಳಬೇಕಾದ್ದು ‘ಬ್ಲಾಕ್ ಎಲ್ಲಿದೆ’ ಅಂತ

ಶ್ವಾಸಕೋಶದ ಕ್ಯಾನ್ಸರ್ ಅಂದ ತಕ್ಷಣ ನಮ್ಮ ಕಡೆ ಎಲ್ಲರ ಬಾಯಲ್ಲೂ ಬರೋದು ಒಂದೇ ಮಾತು: “ಸೇದ್ತಿದ್ರಾ?” ನೋಡೋಕೆ ಬಂದ ನೆಂಟರು ಕೇಳ್ತಾರೆ, ಸ್ಕ್ಯಾನಿಂಗ್ ಸೆಂಟರಲ್ಲಿ ಪಕ್ಕ ಕೂತವರೂ ಕೇಳ್ತಾರೆ. ಹೆಣ್ಣುಮಕ್ಕಳಾದ್ರೆ ಬಾಯಿಬಿಟ್ಟು ಕೇಳಲ್ಲ, ಗಂಡನ ಮುಖ ನೋಡ್ತಾರೆ. ಇದರಿಂದ ರೋಗಿಗೆ ನಯಾಪೈಸೆ ಉಪಯೋಗ ಇಲ್ಲ. ಹಾನಿ ಮಾತ್ರ ಇದೆ. ಕೇಳಬೇಕಾದ್ದು ಬ್ಲಾಕ್, ಅಂದ್ರೆ ಪರೀಕ್ಷೆಗೆ ಮೇಣದಲ್ಲಿ ಕೂರಿಸಿಟ್ಟ ಗೆಡ್ಡೆಯ ತುಂಡು, ಎಲ್ಲಿದೆ ಅಂತ. ಸೇದದವರಿಗೆ ಈ ಕಾಯಿಲೆ ಬರಲ್ಲ ಅನ್ನೋ ನಂಬಿಕೆ ಮನೆಯವರನ್ನಷ್ಟೇ ಅಲ್ಲ, ಎಷ್ಟೋ ಸಲ ಡಾಕ್ಟರನ್ನೂ ದಾರಿ ತಪ್ಪಿಸುತ್ತೆ.

ಮಧ್ಯವಯಸ್ಸಿನ ಹೆಂಗಸು, ಬಿಡದ ಒಣಕೆಮ್ಮು, ತೂಕ ಇಳೀತಿದೆ, ಎಕ್ಸ್‌ರೇಯಲ್ಲೊಂದು ನೆರಳು. ಟಿಬಿ ಅಂತ ಮಾತ್ರೆ ಶುರು. ನಮ್ಮಲ್ಲಿ ಟಿಬಿ ಜಾಸ್ತಿ, ಹಾಗಾಗಿ ಅನುಮಾನ ತಪ್ಪಲ್ಲ. ಕಫದಲ್ಲಿ ರೋಗಾಣು ಸಿಗದಿದ್ರೂ ಆರು ತಿಂಗಳ ಕೋರ್ಸ್ ಮುಗೀಲಿ ಅಂತ ಕಾಯೋದು ತಪ್ಪು. ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅದು ನೆಗೆಟಿವ್ ಬಂದು, ಮಾತ್ರೆ ನುಂಗಿ ಒಂದೂವರೆ ತಿಂಗಳಾದ್ರೂ ನೆರಳು ಕರಗದಿದ್ರೆ ಎದೆಯ ಸಿಟಿ ಸ್ಕ್ಯಾನ್ ಆಗಲೇಬೇಕು. ಕಫದಲ್ಲಿ ರಕ್ತ, ಒಡೆದ ದನಿ, ಕತ್ತಿನಲ್ಲಿ ಗಂಟು ಇದ್ರೆ ಅಷ್ಟು ದಿನವೂ ಕಾಯಬೇಡಿ.

ಯಾಕೆ ಬಂತು ಅಂತ ಕೇಳೋರಿಗೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನ, 2013ರಲ್ಲಿ ಹೊರಗಿನ ವಾಯುಮಾಲಿನ್ಯವನ್ನ ಕ್ಯಾನ್ಸರ್ ತರುವಂಥವು ಅಂತ ಸಾರಿದೆ. ಇನ್ನೊಬ್ಬರು ಬಿಟ್ಟ ಬೀಡಿ ಹೊಗೆ, ಕ್ರಷರ್‌ನ ಸಿಲಿಕಾ ಧೂಳೂ ಆ ಪಟ್ಟಿಯಲ್ಲಿವೆ. ಸೌದೆ ಒಲೆ ಹೊಗೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ದಾವಣಗೆರೆಯ ಮಂಡಕ್ಕಿ ಭಟ್ಟಿ ಹೊಗೆ, ದುರ್ಗದ ಕಡೆಯ ಗಣಿ ಲಾರಿ ಧೂಳಿನ ವಿರುದ್ಧ ಊರು ದನಿ ಎತ್ತಬೇಕು, ಸರಿ. ಆದ್ರೆ ಇಂಥವರಿಗೆ ಇದರಿಂದಲೇ ಬಂತು ಅಂತ ಬೆರಳು ತೋರಿಸೋಕೆ ಆಗಲ್ಲ.

ಈಗ ಬ್ಲಾಕ್ ವಿಷಯ. ಸೇದದವರಲ್ಲಿ ಕಾಣಿಸೋದು ಬಹುತೇಕ ಅಡೆನೋಕಾರ್ಸಿನೋಮಾ (ಗ್ರಂಥಿಯಂಥ ಕೋಶಗಳಿಂದ ಹುಟ್ಟೋ ಕ್ಯಾನ್ಸರ್). ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್-1 ಮುಂತಾದ ಜೀನ್‌ಗಳಲ್ಲಿ ಬದಲಾವಣೆ ಸಿಗೋ ಸಾಧ್ಯತೆಯೂ ಇವರಲ್ಲೇ ಹೆಚ್ಚು. ಸಿಕ್ಕರೆ ಕಿಮೋ ಬದಲು ಮಾತ್ರೆಯಲ್ಲೇ ಚಿಕಿತ್ಸೆ ಶುರು ಮಾಡೋಕೆ ಬಹಳಷ್ಟು ಸಲ ಸಾಧ್ಯ. ಆ ಪರೀಕ್ಷೆಗೆ ಗೆಡ್ಡೆಯ ತುಂಡು ಬೇಕು. ಸೂಜಿಯಲ್ಲಿ ಬರೋದು ಶಾವಿಗೆ ಎಳೆಯಷ್ಟು. ಅದನ್ನ ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂರಿಸಿದ್ರೆ ಬ್ಲಾಕ್. ಯಾವ ಜಾತಿಯ ಕ್ಯಾನ್ಸರ್ ಅಂತ ತಿಳಿಯೋಕೇ ತುಂಡನ್ನ ಕತ್ತರಿಸಿ ಒಂದಾದ ಮೇಲೊಂದು ಸ್ಟೇನ್ (ಬಣ್ಣದ ಪರೀಕ್ಷೆ) ಹಾಕ್ತಾ ಹೋದ್ರೆ ಜೀನ್ ಪರೀಕ್ಷೆಗೆ ಏನೂ ಉಳಿಯಲ್ಲ, ಮತ್ತೆ ಚುಚ್ಚಬೇಕು. ಅದಕ್ಕೇ ಬಯಾಪ್ಸಿ ದಿನವೇ “ಮ್ಯುಟೇಶನ್ ಟೆಸ್ಟಿಗೂ ಉಳಿಸಿ” ಅಂತ ಫಾರಂನಲ್ಲಿ ಬರೆಸಿ. ಎದೆಯಲ್ಲಿ ನೀರು ತುಂಬಿ ತೆಗೆಸಿದ್ರೆ ಆ ನೀರನ್ನ ಪೂರ್ತಿ ಚೆಲ್ಲೋಕೆ ಬಿಡಬೇಡಿ. ಅದರಲ್ಲಿರೋ ಕೋಶಗಳನ್ನ ಒಟ್ಟುಗೂಡಿಸಿ ಸೆಲ್ ಬ್ಲಾಕ್ ಮಾಡಬಹುದು, ಕ್ಯಾನ್ಸರ್ ಕೋಶ ಸಾಕಷ್ಟು ಸಿಕ್ಕರೆ ಅದರಲ್ಲೇ ಜೀನ್ ಪರೀಕ್ಷೆ ಆಗುತ್ತೆ. ಬೆಂಗಳೂರಿನ ಕಿದ್ವಾಯಿಗೋ ಹುಬ್ಬಳ್ಳಿಗೋ ಹೋಗುವಾಗ ರಿಪೋರ್ಟಿನ ಝೆರಾಕ್ಸ್ ಒಂದೇ ಸಾಲದು. ಲ್ಯಾಬಿನಿಂದ ಬ್ಲಾಕ್, ಸ್ಲೈಡು ಎರಡೂ ಬರೆದುಕೊಟ್ಟು ಪಡೆದು, ಬಿಸಿಲಿಗಿಡದೆ ಒಯ್ಯಿರಿ.

ಎಲ್ಲಾ ಜೀನ್ ಒಟ್ಟಿಗೆ ನೋಡೋ ಎನ್‌ಜಿಎಸ್ ರಿಪೋರ್ಟಿಗೆ ಎರಡು-ಮೂರು ವಾರ ಬೇಕು. ಉಸಿರಾಟಕ್ಕೆ ಕಷ್ಟ ಆಗ್ತಿದ್ರೆ ಡಾಕ್ಟರು ಮಧ್ಯೆ ಕಿಮೋ ಕೊಡಬಹುದು. ಇಮ್ಯುನೋಥೆರಪಿಗೆ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸೋ ಚಿಕಿತ್ಸೆ) ಮಾತ್ರ ಅವಸರ ಬೇಡ. ಇಜಿಎಫ್‌ಆರ್, ಎಎಲ್‌ಕೆ ಬದಲಾವಣೆ ಇರೋರಿಗೆ ಅದು ಅಷ್ಟಾಗಿ ಹಿಡಿಯಲ್ಲ, ಅದರ ಹಿಂದೆಯೇ ಇಜಿಎಫ್‌ಆರ್ ಮಾತ್ರೆಯಾದ ಒಸಿಮೆರ್ಟಿನಿಬ್ ಕೊಟ್ರೆ ಶ್ವಾಸಕೋಶದ ಉರಿಯೂತದ ಅಪಾಯ ಏರುತ್ತೆ.

ಮಾತ್ರೆಗಳದ್ದು ಒಂದೊಂದಕ್ಕೆ ಒಂದೊಂದು ಕ್ರಮ. ಇಜಿಎಫ್‌ಆರ್‌ಗೆ ಕೊಡೋ ಜೆಫಿಟಿನಿಬ್ 250 ಮಿಲಿಗ್ರಾಂ, ಒಸಿಮೆರ್ಟಿನಿಬ್ 80, ದಿನಕ್ಕೊಂದು, ಊಟದ ಹಂಗಿಲ್ಲ. ಅದೇ ಗುಂಪಿನ ಎರ್ಲೋಟಿನಿಬ್ 150 ಖಾಲಿ ಹೊಟ್ಟೆಗೆ. ಎಎಲ್‌ಕೆಗೆ ಕೊಡೋ ಅಲೆಕ್ಟಿನಿಬ್ ಬೆಳಿಗ್ಗೆ ನಾಲ್ಕು, ರಾತ್ರಿ ನಾಲ್ಕು ಕ್ಯಾಪ್ಸೂಲ್, ಊಟದ ಜೊತೆಗೇ. ನಮ್ಮವರು ಕೇಳದೇ ನುಂಗೋ ಗ್ಯಾಸಿನ ಮಾತ್ರೆ ಜೆಫಿಟಿನಿಬ್, ಎರ್ಲೋಟಿನಿಬ್ ಮೈಗೆ ಹತ್ತದ ಹಾಗೆ ಮಾಡುತ್ತೆ. ಟಿಬಿಯ ರಿಫಾಂಪಿಸಿನ್ ಅಂತೂ ಒಸಿಮೆರ್ಟಿನಿಬ್ ಬಲವನ್ನೂ ಇಳಿಸುತ್ತೆ. ಮೊದಲು ಟಿಬಿ ಅಂತ ಶುರುವಾಗಿದ್ರೆ ಹೇಳಲೇಬೇಕು. ಮಲೆನಾಡಿನಿಂದ ತಂದ ಬೇರು-ಚಕ್ಕೆ ಕಷಾಯವನ್ನೂ ಮುಚ್ಚಿಡಬೇಡಿ. ಲಿವರ್ ರಿಪೋರ್ಟ್ ಏರಿದಾಗ ಯಾವುದರಿಂದ ಅಂತ ತಿಳಿಯದೆ ಒಳ್ಳೇ ಮಾತ್ರೆಯನ್ನೇ ನಿಲ್ಲಿಸಬೇಕಾಗುತ್ತೆ.

ಇಜಿಎಫ್‌ಆರ್ ಮಾತ್ರೆ ಶುರುವಾದ ಒಂದೆರಡು ವಾರಕ್ಕೆ ಮುಖ, ಎದೆ ಮೇಲೆ ಮೊಡವೆಯಂಥ ಗುಳ್ಳೆ ಏಳಬಹುದು. ಮೊಡವೆ ಕ್ರೀಮ್ ಹಚ್ಚಿದ್ರೆ ಚರ್ಮ ಇನ್ನೂ ಒಣಗುತ್ತೆ. ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ, ದುರ್ಗದ ಬಿಸಿಲಿಗೆ ಛತ್ರಿ ಬಿಡಬೇಡಿ, ಜಾಸ್ತಿಯಾದ್ರೆ ಡಾಕ್ಟರು ಡಾಕ್ಸಿಸೈಕ್ಲಿನ್ ಕೊಡ್ತಾರೆ. ಭೇದಿಯಾದ್ರೆ ಗಂಜಿ, ಓಆರ್‌ಎಸ್, ಬರೆದುಕೊಟ್ಟ ಲೋಪೆರಮೈಡ್. ಬೆಣ್ಣೆ ದೋಸೆ, ಮಿರ್ಚಿ ಅಷ್ಟು ದಿನ ದೂರ (ಇದಕ್ಕೆ ಒಪ್ಪಿಸೋದೇ ಕಷ್ಟ). ಇದ್ದಕ್ಕಿದ್ದಂತೆ ಉಬ್ಬಸ, ಒಣಕೆಮ್ಮು, ಜ್ವರ ಬಂದ್ರೆ ಮಾತ್ರ ಮುಂದಿನ ಮಾತ್ರೆ ನುಂಗೋ ಮೊದಲು ಡಾಕ್ಟರಿಗೆ ಫೋನು, ಅವತ್ತೇ ಆಸ್ಪತ್ರೆ.

ಈ ಮಾತ್ರೆಗಳು ಬೇರು ಸಮೇತ ಕೀಳಲ್ಲ, ಹಿಡಿದಿಡುತ್ತವೆ. ದೊಡ್ಡ ಹೋಲಿಕೆ ಅಧ್ಯಯನವೊಂದರಲ್ಲಿ ಕಾಯಿಲೆ ಮತ್ತೆ ಬೆಳೆಯೋ ಹೊತ್ತಿಗೆ ಹಳೇ ಮಾತ್ರೆಯಲ್ಲಿ (ಜೆಫಿಟಿನಿಬ್ ಇಲ್ಲವೇ ಎರ್ಲೋಟಿನಿಬ್) ಸುಮಾರು 10 ತಿಂಗಳು, ಒಸಿಮೆರ್ಟಿನಿಬ್‌ನಲ್ಲಿ ಸುಮಾರು 19 ತಿಂಗಳು ಕಳೆದಿತ್ತು. ಇದು ಮಧ್ಯದ ಲೆಕ್ಕ, ಒಬ್ಬೊಬ್ಬರಿಗೆ ಒಂದೊಂದು ಥರ. ಮತ್ತೆ ಬೆಳೆದಾಗ ಮರು ಬಯಾಪ್ಸಿ ಇಲ್ಲವೇ ರಕ್ತದ ಜೀನ್ ಪರೀಕ್ಷೆ ಮಾಡಿಸಿಯೇ ಮುಂದಿನ ಔಷಧ ಆರಿಸಬೇಕು. ಹೊಸದಾಗಿ ತಲೆನೋವು, ವಾಂತಿ ಇದ್ರೆ ಮೆದುಳಿನ ಎಂಆರ್‌ಐ.

ದುಡ್ಡಿನ ಮಾತು. 2024ರ ಬಜೆಟ್ಟಿನಲ್ಲಿ ಒಸಿಮೆರ್ಟಿನಿಬ್ ಮೇಲಿನ ಆಮದು ಸುಂಕ ತೆಗೆದ್ರು, ಆಮೇಲೆ ಜಿಎಸ್‌ಟಿ 12ರಿಂದ 5ಕ್ಕೆ ಇಳೀತು. ಆದರೂ ತುಟ್ಟಿಯೇ. ಜೆಫಿಟಿನಿಬ್‌ಗೆ ಅಗ್ಗದ ಜನರಿಕ್ ಇವೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಊರು ಬಿಡೋ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ರೆಫರಲ್ ಚೀಟಿ ಮಾಡಿಸಿ, ಯಾವ ಮಾತ್ರೆ, ಯಾವ ಪರೀಕ್ಷೆ ಪ್ಯಾಕೇಜಿನಲ್ಲಿದೆ ಅಂತ ಆರೋಗ್ಯಮಿತ್ರರ (ಆಸ್ಪತ್ರೆಯಲ್ಲಿರೋ ಯೋಜನೆಯ ಸಹಾಯಕರು) ಹತ್ರ ಕೇಳ್ಕೊಳ್ಳಿ. ರೈಲಿನಲ್ಲಿ ಚಿಕಿತ್ಸೆಗೆ ಹೋಗೋ ಕ್ಯಾನ್ಸರ್ ರೋಗಿಗೂ ಜೊತೆಗಿರೋ ಒಬ್ಬರಿಗೂ ರಿಯಾಯಿತಿ ಇದೆ. ಆಸ್ಪತ್ರೆಯವರು ರೈಲ್ವೆ ನಮೂನೆಯಲ್ಲೇ ಸರ್ಟಿಫಿಕೇಟ್ ಕೊಡಬೇಕು, ಲೆಟರ್‌ಹೆಡ್ಡಲ್ಲಿ ಬರೆಸಿಕೊಂಡು ಹೋದ್ರೆ ಕೌಂಟರಿನಿಂದ ವಾಪಸ್ ಕಳಿಸ್ತಾರೆ.