ಶೈಲಿಶಾಸ್ತ್ರವೆಂದರೆ ಅಲಂಕಾರಗಳ ಪಟ್ಟಿಯಲ್ಲ

ಕಲಬುರಗಿಯ ಇಂಗ್ಲಿಷ್ ಎಂ.ಎ. ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಸ್ಟೈಲಿಸ್ಟಿಕ್ಸ್ (ಸಾಹಿತ್ಯಕೃತಿಯ ಭಾಷೆಯನ್ನು ಭಾಷಾವಿಜ್ಞಾನದ ನೆರವಿನಿಂದ ಪರಿಶೀಲಿಸುವ ಶೈಲಿಶಾಸ್ತ್ರ) ಎಂದರೆ ಪದ್ಯದಲ್ಲಿ ಉಪಮೆ, ರೂಪಕಗಳನ್ನು ಗುರುತಿಸುವುದಷ್ಟೇ, ಕಾದಂಬರಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ಟಿಪ್ಪಣಿಯೊಂದು ಪರೀಕ್ಷೆಯ ಹೊತ್ತಿಗೆ ಹರಿದಾಡುತ್ತಿದೆ. ಅದರ ಎರಡೂ ಮಾತುಗಳು ತಪ್ಪು.

ಅಲಂಕಾರಗಳನ್ನು ಗುರುತಿಸುವುದು ಈ ಶಾಸ್ತ್ರದಲ್ಲಿ ಸಣ್ಣ ಕೆಲಸ. (ಅಷ್ಟೇ ಆಗಿದ್ದರೆ ಹೊಸ ಶಾಸ್ತ್ರವೇ ಬೇಕಿರಲಿಲ್ಲ, ಇಲ್ಲೇ ಮಳಖೇಡದ ರಾಷ್ಟ್ರಕೂಟರ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿಯೇ ‘ಕವಿರಾಜಮಾರ್ಗ’ ಅದನ್ನು ಮಾಡಿತ್ತು.) ವಾಕ್ಯರಚನೆ, ಕ್ರಿಯಾಪದಗಳ ಆಯ್ಕೆ, ನಿರೂಪಕನ ದೃಷ್ಟಿಕೋನ, ಸಂಭಾಷಣೆಯ ಕ್ರಮ ಇವೆಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ.

ಕಾದಂಬರಿಯ ಮಾತಿಗೆ ಒಂದೇ ಉದಾಹರಣೆ ಸಾಕು. ವಿಲಿಯಂ ಗೋಲ್ಡಿಂಗ್‌ನ ‘ದಿ ಇನ್ಹೆರಿಟರ್ಸ್’ ಕಾದಂಬರಿಯ ಕುರಿತು ಭಾಷಾವಿಜ್ಞಾನಿ ಎಂ.ಎ.ಕೆ. ಹ್ಯಾಲಿಡೇ 1971ರಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಈ ಕ್ಷೇತ್ರದ ಮಾದರಿ. ಆ ಕಾದಂಬರಿಯ ಆದಿಮಾನವ ಲೋಕ್ ತನ್ನತ್ತ ಬಿಲ್ಲು ಎಳೆಯುವವನನ್ನು ಕಂಡಾಗ, ಗೋಲ್ಡಿಂಗ್ ‘ಅವನು ಬಿಲ್ಲನ್ನು ಎಳೆದ’ ಎಂದು ಬರೆಯುವುದಿಲ್ಲ. ಕೋಲೊಂದು ತಾನಾಗಿಯೇ ಗಿಡ್ಡವಾಗಿ ಮತ್ತೆ ಉದ್ದವಾದಂತೆ ಬರೆಯುತ್ತಾನೆ. ಅಕರ್ಮಕ (ಕರ್ಮಪದ ಬೇಡದ) ಕ್ರಿಯಾಪದಗಳೇ ತುಂಬಿದ ಇಂಥ ವಾಕ್ಯಗಳಿಂದ, ಕಾರ್ಯಕ್ಕೂ ಕಾರಣಕ್ಕೂ ನಂಟು ಕಾಣದ ಮನಸ್ಸೊಂದು ಓದುಗನ ಮುಂದೆ ನಿಲ್ಲುತ್ತದೆ ಎಂಬುದನ್ನು ಹ್ಯಾಲಿಡೇ ವ್ಯಾಕರಣದ ಆಧಾರದಿಂದಲೇ ತೋರಿಸಿದರು. ಅಲ್ಲಿ ಅಲಂಕಾರದ ಹೆಸರು ಹೇಳಿ ಮುಗಿಸುವಂಥದ್ದೇನೂ ಇಲ್ಲ.

ಈ ವಿಧಾನಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ವ್ಯಾಕರಣದ ಲಕ್ಷಣದಿಂದ ನೇರವಾಗಿ ಅರ್ಥಕ್ಕೆ ಜಿಗಿಯುವುದನ್ನು ಅಮೆರಿಕದ ಸಾಹಿತ್ಯ ವಿಮರ್ಶಕ ಸ್ಟ್ಯಾನ್ಲಿ ಫಿಶ್ 1970ರ ದಶಕದಲ್ಲಿಯೇ ಕಟುವಾಗಿ ಪ್ರಶ್ನಿಸಿದ್ದರು. ಹ್ಯಾಲಿಡೇ ಅವರ ಈ ಲೇಖನವೂ ಫಿಶ್ ಅವರ ಟೀಕೆಗೆ ಗುರಿಯಾಗಿತ್ತು.