ನಂದೂ ಕೆಂಪು!

ಜುಲೈ ತಿಂಗಳಲ್ಲಿ ಸೋಮವಾರಪೇಟೆ ಕಡೆ ಯಾರ ಪಕ್ಕ ಕೂತರೂ ಹೊಗೆ ವಾಸನೆ. ಬಟ್ಟೆ ಒಣಗಿಸುವ ಬಿಸಿಲು ಜೂನ್‌ನಲ್ಲೇ ನಮ್ಮನ್ನು ಬಿಟ್ಟು ಹೋಗಿರುತ್ತದೆ. ಬಚ್ಚಲು ಒಲೆಯ ಮೇಲೆ ಬಿದಿರಿನ ಗಳ ಕಟ್ಟಿ, ಯೂನಿಫಾರ್ಮು, ಬನಿಯನ್ನು, ಟವೆಲು ಎಲ್ಲವನ್ನೂ ನೇತುಹಾಕಿ, ಕೆಳಗೆ ತೋಟದ ಸೌದೆ ಉರಿಸುತ್ತೇವೆ. ಬಟ್ಟೆ ಒಣಗುವುದು ಸಂಜೆಗೆ, ವಾಸನೆ ಹೋಗುವುದು ಅಕ್ಟೋಬರಿಗೆ. ಮಂಡ್ಯದಲ್ಲಿ ಬೆಳೆದ ನಾನು ಮದುವೆಯಾದ ಹೊಸದರಲ್ಲಿ ಸೀರೆ ಮೂಸಿ ಮೂಸಿ ಅಳುತ್ತಿದ್ದೆ. ಈಗ ಮೂಗೂ ಕೊಡಗಿನದಾಗಿದೆ.

ಆ ಗಳದ ಮೇಲೆ ಮೊದಲ ಹಕ್ಕು ದೊಡ್ಡವಳ ಸಾಕ್ಸಿಗೆ. ಅವಳಿಗೆ ಎಂಟು ವರ್ಷ. ಸೆರೆಬ್ರಲ್ ಪಾಲ್ಸಿ ಇದೆ. ಹುಟ್ಟುವ ಹೊತ್ತಿಗೆ ಮೆದುಳಿಗೆ ಪೆಟ್ಟಾಗಿ, ಮೆದುಳು ಹೇಳಿದ್ದು ಕಾಲಿಗೆ ಮುಟ್ಟುವುದು ಮಳೆಗಾಲದಲ್ಲಿ ನಮ್ಮೂರಿನ ಫೋನಿನ ಹಾಗೆ. ಒಮ್ಮೆ ಲೈನ್ ಸಿಗುತ್ತದೆ, ಒಮ್ಮೆ ಬರೀ ಗೊರಗೊರ. ಕಾಲಿನ ಸ್ನಾಯು ಸದಾ ಬಿಗಿ. ಹಿಮ್ಮಡಿ ನೆಲಕ್ಕೆ ತಾಗಲಿ ಅಂತ ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ಪ್ಲಾಸ್ಟಿಕ್ ಸ್ಪ್ಲಿಂಟ್ ಹಾಕಬೇಕು. ಅದರ ಒಳಗಿನ ಸಾಕ್ಸ್ ಸ್ವಲ್ಪ ಹಸಿ ಇದ್ದರೂ, ಒಂದು ಮಡಿಕೆ ಬಿದ್ದರೂ ಚರ್ಮ ಸುಲಿಯುತ್ತದೆ. ಬಿಚ್ಚಿದಾಗ ಕಾಣುವ ಕೆಂಪು ಗುರುತು ಅರ್ಧ ಗಂಟೆಯೊಳಗೆ ಹೋಗಬೇಕು, ಹೋಗದಿದ್ದರೆ ಸ್ಪ್ಲಿಂಟ್ ಎಲ್ಲೋ ಒತ್ತುತ್ತಿದೆ ಅಂತ ಲೆಕ್ಕ. ಹಾಗಾಗಿ ನಮ್ಮ ಮನೆಯಲ್ಲಿ ಇವರ ಬನಿಯನ್ನು ಒಣಗದಿದ್ದರೆ ಅದು ಇವರ ಹಣೆಬರಹ. ಸಾಕ್ಸ್ ಒಣಗದಿದ್ದರೆ ತುರ್ತು ಪರಿಸ್ಥಿತಿ.

ದಿನಾ ಬೆಳಗ್ಗೆ ನನ್ನ ಫೋನಿಗೆ ಗುಲಾಬಿ ಹೂವಿನ ಮೇಲೆ ಬರೆದ ಸಂದೇಶಗಳು ಬರುತ್ತವೆ. ಇರುವುದನ್ನು ನೆನೆಯಿರಿ, ದೇವರಿಗೆ ಧನ್ಯವಾದ ಹೇಳಿ ಅಂತ. ಹೇಳದೇ ಏನು? ಆದರೆ ನನ್ನ ಧನ್ಯವಾದಗಳೆಲ್ಲ ತೀರಾ ಚಿಲ್ಲರೆ. ಘಟ್ಟದ ತಿರುವಿನಲ್ಲಿ ಚಿಕ್ಕವನ ವಾಂತಿ ಕಿಟಕಿಯಿಂದ ಹೊರಗೆ ಹೋಯಿತು, ಪಕ್ಕದವರ ಪಂಚೆ ಮೇಲಲ್ಲ. ಕರೆಂಟ್ ಹೋಗುವ ಮೊದಲೇ ದೊಡ್ಡವಳ ಊಟ ಮಿಕ್ಸಿಯಲ್ಲಿ ತಿರುಗಿತ್ತು. ಒಣಗಿದ ಎರಡು ಸಾಕ್ಸ್ ಸಿಕ್ಕವು, ಎರಡೂ ಒಂದೇ ಜೋಡಿಯವು! ಇಂಥದ್ದನ್ನೆಲ್ಲ ಗುಲಾಬಿ ಹೂವಿನ ಮೇಲೆ ಯಾರು ಬರೆಯುತ್ತಾರೆ?

ಇನ್ನು ಮಳೆ ರಜೆ. ನಾಳೆ ಶಾಲೆಗೆ ರಜೆ ಅಂತ ರಾತ್ರಿ ಸುದ್ದಿ ಬಂದರೆ ಕೊಡಗಿನ ಮಕ್ಕಳು ಕುಣಿಯುತ್ತಾರೆ, ತಾಯಂದಿರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ನಮ್ಮ ಚಿಕ್ಕವನಿಗೆ ಐದು ವರ್ಷ. ಹಾಕಿ ಹುಚ್ಚು. ಈ ಜಿಲ್ಲೆಯಲ್ಲಿ ಇದಕ್ಕೆ ಔಷಧಿ ಇಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಈಗ ನೂರಾರು ಮನೆತನಗಳ ತಂಡಗಳು ಬರುತ್ತವೆ. ನಾವು ಆಡುವ ಮನೆತನದವರಲ್ಲ, ಕಡಲೆಕಾಯಿ ತಿನ್ನುತ್ತಾ ನೋಡುವವರು. ಅದು ಇವನಿಗೆ ತಿಳಿದಿಲ್ಲ.

ಮಳೆ ರಜೆಯಲ್ಲಿ ಹಾಕಿ ಮೈದಾನ ಅಂದರೆ ನಮ್ಮ ಜಗಲಿ. ಗೋಲ್‌ಪೋಸ್ಟ್ ಅಕ್ಕನ ವಾಕರ್. ಅದರೊಳಗೆ ನಿಂತ ಅಕ್ಕನೇ ಗೋಲ್‌ಕೀಪರ್. ಚೆಂಡು ಯಾವುದು ಅಂತೀರಾ? ಉಂಡೆ ಸುತ್ತಿದ ಒಣ ಸಾಕ್ಸ್! ದೊಡ್ಡವಳಿಗೆ ಎಲ್ಲ ಅರ್ಥವಾಗುತ್ತದೆ, ಆದರೆ ನಾಲಿಗೆ ಹೊರಳಿ ಬಿಡಿಸಿ ಬರುವ ಮಾತು ಕಡಿಮೆ. ಬರುವ ಕೆಲವೇ ಮಾತುಗಳಲ್ಲಿ ಒಂದು ‘ಗೋಲ್’. ಅವನು ಕೋಲೆತ್ತುವ ಮೊದಲೇ ಕೂಗುತ್ತಾಳೆ. ಚೆಂಡು ತನ್ನ ಕಾಲ ಸಂದಿಯಲ್ಲೇ ನುಗ್ಗಿದರೂ ಹೊಡೆದವನಿಗಿಂತ ಜಾಸ್ತಿ ಇವಳಿಗೇ ಖುಷಿ. ಇಂಥ ಗೋಲ್‌ಕೀಪರ್ ಇರುವ ತಂಡ ಉದ್ಧಾರವಾದ ಹಾಗೇ.

ಚೆಂಡು ಜಗಲಿ ದಾಟಿ ಅಂಗಳದ ಕೆಸರಿಗೆ ಬಿದ್ದಾಗ ನಾನು ಸೌಟು ಹಿಡಿದೇ ಓಡಿ ಬಂದೆ. ಬೈಯಲು ಬಾಯಿ ತೆರೆದೆ, ಗಡಿಯಾರ ಕಂಡಿತು. ನಿಲ್ಲುವ ವ್ಯಾಯಾಮ ಅಂದರೆ ಐದು ನಿಮಿಷಕ್ಕೆ ಮುಖ ಸಿಂಡರಿಸುವವಳು ಅರ್ಧ ಗಂಟೆಗೂ ಜಾಸ್ತಿ ನಿಂತಿದ್ದಾಳೆ. ಬೈಗುಳ ನುಂಗಿ ಇನ್ನೊಂದು ಜೋಡಿ ಸಾಕ್ಸ್ ತಂದು ಕೊಟ್ಟೆ. ಅದೂ ಕೆಸರಿಗೇ ಹೋಯಿತು ಅನ್ನಿ.

ಈ ಹಾಕಿಯಿಂದಲೇ ಇನ್ನೊಂದು ಫಜೀತಿ. ದೊಡ್ಡವಳ ಅಂಗವೈಕಲ್ಯದ ಗುರುತಿನ ಚೀಟಿ ಬಂತು, ಯುಡಿಐಡಿ ಕಾರ್ಡ್ ಅಂತಾರಲ್ಲ, ಅದು. ತಪಾಸಣೆ ಮಾಡಿ ಎಷ್ಟು ಪರ್ಸೆಂಟ್ ಅಂತ ಬರೆಯುತ್ತಾರೆ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ 40 ಇರಬೇಕು. ಇವಳಿಗೆ 75. ಇವರು ನೋಡಿ, “ಡಿಸ್ಟಿಂಕ್ಷನ್! ನಮ್ಮ ವಂಶದಲ್ಲೇ ಮೊದಲು” ಅಂದರು. ದೊಡ್ಡವಳು ಕೇಕೆ ಹಾಕಿ ನಕ್ಕಳು. (ಈ ಜೋಕು ಮಾಡುವ ಹಕ್ಕು ಮನೆಯವರಿಗೆ ಮಾತ್ರ. ಹೊರಗಿನವರು ಮಾಡಿದರೆ ಕಾಫಿ ಕೊಡದೆ ಕಳಿಸುತ್ತೇನೆ.)

40ರಿಂದ 80ರೊಳಗಿನವರ ಕಾರ್ಡಿಗೆ ಹಳದಿ ಪಟ್ಟಿ ಇರುತ್ತದೆ. ಚಿಕ್ಕವನ ಕಣ್ಣು ಅಲ್ಲೇ ನೆಟ್ಟಿತು.

“ಅಮ್ಮಾ, ಅಕ್ಕ ಏನ್ ಫೌಲ್ ಮಾಡಿದ್ಲು?”

“ಏನೂ ಇಲ್ಲ ಕಣೋ.”

“ಮತ್ತೆ ಯೆಲ್ಲೋ ಕಾರ್ಡ್ ಯಾಕೆ?”

ಹಾಕಿಯಲ್ಲಿ ಹಳದಿ ಕಾರ್ಡ್ ತೋರಿಸಿದರೆ ಕನಿಷ್ಠ ಐದು ನಿಮಿಷ ಮೈದಾನದ ಹೊರಗೆ ಕೂರಬೇಕು. ಇದು ಅವನಿಗೆ ಅಕ್ಷರಮಾಲೆಗಿಂತ ಚೆನ್ನಾಗಿ ಗೊತ್ತು. ಸರ್ಕಾರದ ಕಾರ್ಡು, ಬಸ್ ಪಾಸಿಗೆ ಬೇಕು ಅಂತೆಲ್ಲ ವಿವರಿಸಿದೆ. ತಲೆಯಾಡಿಸಿದ. ಪಾಸಿಗೆ ಅರ್ಜಿ ಹಾಕುವ ದಿನ ನೋಡಿದರೆ ಕಾರ್ಡೇ ಇಲ್ಲ! ಬೀರು, ಹಾಸಿಗೆ ಕೆಳಗೆ, ದೇವರ ಮನೆ, ಕೊನೆಗೆ ನಾಯಿಯ ಗೋಣಿಚೀಲ ಕೂಡ ಜಾಲಾಡಿದ್ದಾಯಿತು. ವಾರ ಕಳೆದು ಅತ್ತೆ ಅಕ್ಕಿ ಅಳೆಯುವಾಗ ಸೇರಿನಲ್ಲಿ ಟಕ್ ಅಂತ ಬಂತು. ವಿಚಾರಣೆ ಆಯಿತು. “ಅಕ್ಕ ಹೊರಗೆ ಕೂತ್ರೆ ಗೋಲಿಗೆ ಯಾರು ನಿಲ್ತಾರೆ?” ಅಂತ ಅವನೇ ನಮಗೆ ಜೋರು ಮಾಡಿದ. ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಅಕ್ಕಿ ಡಬ್ಬ ನೋಡಿ ಅಂತ ಯಾರೂ ಹೇಳುವುದಿಲ್ಲ.

ಆ ಪಾಸಿನ ಬಸ್ಸಿನಲ್ಲೇ ಎರಡು ತರದ ಜನ ಸಿಗುತ್ತಾರೆ. ಒಂದು, “ಪಾಪ” ಅನ್ನುವವರು. ಒಬ್ಬರಂತೂ, ದೇವರು ಇಂಥ ಮಕ್ಕಳನ್ನು ತಾಳ್ಮೆ ಇರುವ ತಾಯಂದಿರಿಗೇ ಕೊಡುತ್ತಾನೆ ಅಂದರು. ಬೆಳಗ್ಗೆ ಆರು ಗಂಟೆಗೆ ನಮ್ಮ ಅಡುಗೆಮನೆಗೆ ಬಂದು ನನ್ನ ತಾಳ್ಮೆ ನೋಡಲಿ! ಇನ್ನೊಂದು ತರ, ಆ ಕಂಡಕ್ಟರ್. “ಹಿಂದೆ ಕುಲುಕಾಟ ಜಾಸ್ತಿ ಅಕ್ಕಾ, ಮುಂದೆ ಬನ್ನಿ” ಅಂದು ವಾಕರ್ ಮಡಚಿ ಇಟ್ಟು, ದೊಡ್ಡವಳನ್ನೇ ನೋಡಿ “ಎಲ್ಲಿಗೆ ಹೊರಟೆ?” ಅಂತ ಕೇಳಿದರು. ಅವಳು “ಗೋಲ್” ಅಂದಳು. “ಆ ಸ್ಟಾಪ್ ಇಲ್ಲ, ಕುಶಾಲನಗರ ಕೊಡ್ಲಾ?” ಅಂದರು. ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ.

ಕಳೆದ ಆಗಸ್ಟಿನಲ್ಲಿ ಮಂಡ್ಯದಿಂದ ಅವ್ವ ಬಂದಿದ್ದಳು. ಮಳೆಗಾಲದಲ್ಲಿ ಅವಳು ಈ ಕಡೆ ತಲೆ ಹಾಕಿದ್ದು ಅದೇ ಮೊದಲು. ಬಂದ ಮಾರನೇ ದಿನ ಆಗಸ್ಟ್ 3, ಅಂದರೆ ಕೊಡವರ ಲೆಕ್ಕದಲ್ಲಿ ಕಕ್ಕಡ ತಿಂಗಳ 18. ಅವತ್ತು ಮದ್ದುಸೊಪ್ಪಿನಲ್ಲಿ 18 ಬಗೆಯ ಔಷಧಿ ಕೂಡಿರುತ್ತದೆ ಅಂತ ಇಲ್ಲಿನ ನಂಬಿಕೆ. ಸೊಪ್ಪು ಬೇಯಿಸಿದರೆ ನೀರು ಕಡು ನೇರಳೆಗೆ ತಿರುಗುತ್ತದೆ, ಮನೆಯೆಲ್ಲ ಘಮ. ಆ ರಸದಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿ ಹಾಕಿ, ಮೇಲೆ ತುಪ್ಪವೋ ಜೇನೋ ಬಿಟ್ಟು ತಿನ್ನುವುದು. ದೊಡ್ಡವಳಿಗೆ ನೀರಾಗಿದ್ದು ಗಂಟಲಲ್ಲಿ ದಾರಿ ತಪ್ಪಿ ಕೆಮ್ಮು ಬರುತ್ತದೆ, ಗಟ್ಟಿ ಇದ್ದರೆ ಸಲೀಸು. ಅತ್ತೆ ಅವಳ ಪಾಲನ್ನು ನುಣ್ಣಗೆ, ಗಟ್ಟಿಯಾಗಿ ಮಾಡಿದ್ದರು. ಒಂದೂ ಕೆಮ್ಮಿಲ್ಲದೆ ಎರಡು ಬಟ್ಟಲು ಹೋಯಿತು. ಅವ್ವನೂ ಎರಡು ಸಲ ಹಾಕಿಸಿಕೊಂಡಳು.

ಮದ್ದುಸೊಪ್ಪು ತಿಂದರೆ ಮೂತ್ರ ಕೆಂಪಗೆ ಬರುತ್ತದೆ. ಊರಿಗೆಲ್ಲ ಗೊತ್ತು. ಗೊತ್ತಿರುವ ವಿಷಯವನ್ನು ಯಾರಾದರೂ ಹೇಳುತ್ತಾರಾ?

ಬೆಳಗಿನ ಜಾವ ಮೊಮ್ಮಗಳ ಡೈಪರ್ ಬದಲಿಸಲು ಹೋದ ಅವ್ವ “ಅಯ್ಯೋ ಮಾದಪ್ಪಾ! ಮಗೀಗೆ ರಕ್ತ ಹೋಯ್ತಾ ಅದೆ ಕಣವ್ವೋ!” ಅಂತ ಕಿರುಚಿದ್ದು ಪಕ್ಕದ ತೋಟದ ಲೈನ್ ಮನೆಗೂ ಕೇಳಿಸಿತು. ಇವರು ನಿದ್ದೆಗಣ್ಣಲ್ಲಿ ಅಂಗಿ ಇಲ್ಲದೆ ಜೀಪ್ ಸ್ಟಾರ್ಟ್ ಮಾಡಿಬಿಟ್ಟರು. ನಾಯಿ ಬೊಗಳಿತು. ಅವ್ವ ಆಗಲೇ ಬೆಟ್ಟದ ಮಾದಪ್ಪನಿಗೆ ಹರಕೆ ಕಟ್ಟಿಕೊಂಡಾಗಿತ್ತು. ದೊಡ್ಡವಳು ಹಾಸಿಗೆ ಮೇಲೆ ಮಲಗಿ, ಇಷ್ಟು ಒಳ್ಳೆಯ ನಾಟಕ ಯಾವತ್ತೂ ನೋಡಿಲ್ಲ ಅನ್ನುವ ಹಾಗೆ ಕಣ್ಣರಳಿಸಿ ನೋಡುತ್ತಿದ್ದಳು.

ಅತ್ತೆ ಮಾತ್ರ ಸೆರಗು ಸರಿಮಾಡಿಕೊಂಡು ನಿಧಾನಕ್ಕೆ ಬಂದರು. “ಗಾಬರಿ ಬೇಡ ಬೀಗಿತ್ತಿಯವರೇ. ನೀವೂ ಒಂದ್ಸಲ ಬಚ್ಚಲಿಗೆ ಹೋಗಿ ಬನ್ನಿ” ಅಂದರು.

ಅವ್ವ ಹೋದಳು. ಸ್ವಲ್ಪ ಹೊತ್ತು ಸದ್ದಿಲ್ಲ. ಬಂದವಳು ಯಾರ ಮುಖವನ್ನೂ ನೋಡದೆ “ಕಾಫಿ ಆಯ್ತಾ?” ಅಂದಳು.

ಅಷ್ಟರಲ್ಲಿ ಅಂಗಳದ ಮೂಲೆಯಿಂದ ಚಿಕ್ಕವನ ಕೂಗು: “ನಂದೂ ಕೆಂಪು! ಅಕ್ಕಂದಕ್ಕಿಂತ ಜಾಸ್ತಿ ಕೆಂಪು!” ಇವರು ಜೀಪ್ ಆಫ್ ಮಾಡಿ ಒಳಗೆ ಹೋಗಿ ಬಂದು “ನಂದೂ” ಅಂದರು. ಎಂಟು ವರ್ಷದಿಂದ ಎಲ್ಲರೂ ನನ್ನ ಮಗಳನ್ನು ಅಳೆಯುತ್ತಲೇ ಇದ್ದಾರೆ. ಯಾವ ವಯಸ್ಸಿಗೆ ಕೂರಬೇಕಿತ್ತು, ಯಾವಾಗ ನಡೆಯಬೇಕಿತ್ತು, ಎಷ್ಟು ಮಾತು ಬರಬೇಕಿತ್ತು. ಅವತ್ತು ಬೆಳಗ್ಗೆ ಮಾತ್ರ ಇಡೀ ಮನೆಗೆ ಒಂದೇ ಅಳತೆ, ಅವಳದೂ ಎಲ್ಲರ ಹಾಗೇ ಸರಿಯಾಗಿತ್ತು. ನನಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರೂ ಬಂತು. ಕೇಳಿದ್ದಕ್ಕೆ ಒಲೆ ಹೊಗೆ ಅಂದೆ.

ಹೋದ ವಾರ ಅವ್ವನ ಫೋನ್ ಬಂದಿತ್ತು. ಈ ಸಲವೂ ಆಗಸ್ಟ್ 3ಕ್ಕೆ ಬರುತ್ತಾಳಂತೆ. ಜೊತೆಗೆ ನನ್ನ ಅಣ್ಣನನ್ನೂ ಕರೆತರುತ್ತಾಳಂತೆ. ಅಣ್ಣ ಸಣ್ಣ ನೆಗಡಿಗೂ ಸ್ಕ್ಯಾನಿಂಗ್ ಮಾಡಿಸುವ ಜಾತಿ. “ಅವನಿಗೆ ಪಾಯಸ ಜಾಸ್ತಿ ಹಾಕು. ಮಿಕ್ಕಿದ್ದು ಏನೂ ಹೇಳ್ಬ್ಯಾಡ” ಅಂದಿದ್ದಾಳೆ.