ಸ್ಪಷ್ಟನೆ: ಗ್ಯಾರೇಜ್ ಗೋಡೆಯ ಪ್ಲಾಸ್ಟಿಕ್ ಹಾಳೆ ಒಳಬದಿಗಲ್ಲ

ಗ್ಯಾರೇಜನ್ನು ಕೋಣೆ ಮಾಡುವಾಗ ಮರದ ಫ್ರೇಮಿಗೆ ರಾಕ್‌ವೂಲ್ (ಶಾಖ ತಡೆಯುವ ಕಲ್ಲುನಾರಿನ ಹಾಸು) ತುಂಬಿ, ಜಿಪ್ಸಮ್ ಬೋರ್ಡಿನ ಹಿಂದೆ ಪ್ಲಾಸ್ಟಿಕ್ ಹಾಳೆ ಹೊಡೆಯಲೇಬೇಕು ಎಂಬ ಸಲಹೆ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಚಳಿದೇಶಕ್ಕೆ ಅದು ಸರಿ. ಮಂಗಳೂರು, ಉಡುಪಿಯ ಎಸಿ ಕೋಣೆಗೆ ಪೂರ್ತಿ ಉಲ್ಟಾ.

ಚಳಿದೇಶದಲ್ಲಿ ಕೋಣೆಯ ತೇವ ಹೊರಕ್ಕೆ ಹೋಗುತ್ತದೆ, ನಮ್ಮಲ್ಲಿ ಹೊರಗಿನದು ಒಳಕ್ಕೆ ನುಗ್ಗುತ್ತದೆ. 32 ಡಿಗ್ರಿಯ, ಶೇ. 75 ತೇವಾಂಶದ ಗಾಳಿ ಸುಮಾರು 27 ಡಿಗ್ರಿಗೆ ತಣಿದರೆ ಸಾಕು, ಹನಿಗಟ್ಟುತ್ತದೆ. ಎಸಿ 24ರಲ್ಲಿದ್ದರೆ ಆ ನೀರು ಪ್ಲಾಸ್ಟಿಕ್ಕಿನ ಹಿಂಬದಿಯಲ್ಲಿ ಇಳಿದು ಅಡಿಪಟ್ಟಿಯಲ್ಲಿ (ಫ್ರೇಮಿನ ಬುಡದ ಅಡ್ಡಮರ) ನಿಲ್ಲುತ್ತದೆ. ಮರ ಕುಂಬಾಗುವುದು ಅಲ್ಲಿಂದಲೇ. ಬೋರ್ಡು ಒಣಗಿಯೇ ಕಾಣುವುದರಿಂದ ಗೊತ್ತಾಗುವುದೂ ತಡ.

ಹಾಳೆ ಹಾಕುವುದಾದರೆ ರಾಕ್‌ವೂಲಿನ ಹೊರಬದಿಗೆ, ಕೆಂಪುಕಲ್ಲಿನ ಗೋಡೆಯ ಕಡೆಗೆ ಹಾಕಿ. ಗೋಡೆಗೂ ಫ್ರೇಮಿಗೂ 25 ಮಿ.ಮೀ. ಸಂದು ಬಿಡಿ. ನೆಲದ ತೇವ ಮರಕ್ಕೆ ಏರದಂತೆ ಅಡಿಪಟ್ಟಿಯ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಮಾತ್ರ ಬೇಕೇ ಬೇಕು. ಗೆದ್ದಲಿನ ಔಷಧಿ ಮರ ಕೊಯ್ದ ತುದಿಗಳಿಗೂ ತಾಗಲಿ. ನಿಲುಪಟ್ಟಿಗಳು ಮಧ್ಯದಿಂದ ಮಧ್ಯಕ್ಕೆ 2 ಅಡಿ ಇದ್ದರೆ 4 ಅಡಿ ಬೋರ್ಡಿನ ಅಂಚು ಮರದ ಮೇಲೆಯೇ ಕೂರುತ್ತದೆ. ರಾಕ್‌ವೂಲನ್ನು ಪಟ್ಟಿಗಳ ನಡುವಿನ ಜಾಗಕ್ಕಿಂತ 10 ಮಿ.ಮೀ. ಹೆಚ್ಚು ಅಗಲಕ್ಕೆ ಕೊಯ್ದರೆ ಜಾರುವುದಿಲ್ಲ. ವಿನೈಲ್ ವಾಲ್‌ಪೇಪರ್ ಬೇಡ, ಅದೂ ಪ್ಲಾಸ್ಟಿಕ್ಕೇ. ಗೋಡೆ ಮಳೆಗೆ ನೆನೆಯುತ್ತಿದ್ದರೆ ಮೊದಲು ಹೊರಗಿನ ಗಾರೆ ಸರಿಮಾಡಿಸಿ, ಫ್ರೇಮ್ ಆಮೇಲೆ.